ಮೂರನೇ ದಿನಕ್ಕೇ ಶಿಬಿರದಿಂದ ವಾಪಸ್ ಬಂದ ಮಗ: ಈ ಬೇಸಿಗೆಗೆ ಮತ್ತೆ ಕಳಿಸಬೇಕಾ?

ಪ್ರಶ್ನೆ: ನಾವು ದಾವಣಗೆರೆಯವರು. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸ್. ಕಳೆದ ಏಪ್ರಿಲ್‌ನಲ್ಲಿ ಮಲೆನಾಡಿನ ಒಂದು ಬೇಸಿಗೆ ಶಿಬಿರಕ್ಕೆ ಎಂಟು ದಿನಕ್ಕೆ ಅಂತ ಕಳಿಸಿದ್ವಿ. ಖುಷಿಯಿಂದಲೇ ಹೋದ. ಬಿಟ್ಟು ಬರುವಾಗ ನಾನು, "ಬೇಜಾರಾದ್ರೆ ಫೋನ್ ಮಾಡಿಸು ಪುಟ್ಟಾ, ಅಪ್ಪ ಬಂದು ಕರ್ಕೊಂಡು ಬರ್ತಾರೆ" ಅಂದಿದ್ದೆ. ಮೂರನೇ ದಿನ ಬೆಳಿಗ್ಗೆ ಏಳಕ್ಕೇ ಅಲ್ಲಿಯ ಮೇಷ್ಟ್ರ ಫೋನಿನಿಂದ ಬಿಕ್ಕಿ ಬಿಕ್ಕಿ ಅತ್ತ. ಏನಾಯ್ತು ಅಂದ್ರೆ ಹೇಳಲಿಲ್ಲ, "ಈಗಲೇ ಬಾ" ಅಂದ. ಹೋಗಿ ಕರ್ಕೊಂಡು ಬಂದ್ವಿ. ಅವತ್ತಿನಿಂದ ಮನೆಗೆ ಬಂದವರೆಲ್ಲ "ಅಮ್ಮನ ಸೆರಗು ಬಿಡದ ಹುಡುಗ" ಅಂತ ಛೇಡಿಸ್ತಾರೆ. ಈ ಸಲ ಹತ್ತು ದಿನಕ್ಕೆ ಕಳಿಸಲೇಬೇಕು, ಗಂಡು ಹುಡುಗ ಗಟ್ಟಿಯಾಗಬೇಕು ಅಂತ ನಮ್ಮ ಯಜಮಾನರ ಹಟ. ಅತ್ತೆಗೆ ಸುತರಾಂ ಇಷ್ಟ ಇಲ್ಲ. ಮಗ ಒಂದು ದಿನ ಹೋಗ್ತೀನಿ ಅಂತಾನೆ, ಮರುದಿನ ಬೇಡ ಅಂತಾನೆ. ಬಲವಂತ ಮಾಡಿದರೆ ಮನಸ್ಸಿಗೆ ಪೆಟ್ಟಾಗುತ್ತಾ? ಕಳಿಸದಿದ್ದರೆ ಹೀಗೇ ಉಳಿದುಬಿಡ್ತಾನಾ? ಸುಮ್ನೆ ಅಜ್ಜಿ ಮನೆಗೆ ಕಳಿಸಿದ್ರೆ ಸಾಕಾ? ಇನ್ನೊಂದು ವಿಷಯ: ಅವನು ತಿಂಗಳಿಗೆ ಎರಡು ಮೂರು ಸಲ ಈಗಲೂ ಹಾಸಿಗೆ ಒದ್ದೆ ಮಾಡ್ಕೊಳ್ತಾನೆ. ಚಿಕ್ಕಂದಿನಿಂದ ಇದೆ. ಮನೆಯವರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ, ಶಿಬಿರದವರಿಗೂ ಹೇಳಿರಲಿಲ್ಲ.

ಉತ್ತರ: ಈ ಸಲ ಕಳಿಸಬೇಕಾ ಬೇಡವಾ ಅಂತ ಕೇಳಿದ್ದೀರಿ. ಕಳೆದ ವರ್ಷ ಕರೆದುಕೊಂಡು ಬಂದದ್ದು ತಪ್ಪಾಯಿತೇ ಅನ್ನೋದನ್ನು ನೇರವಾಗಿ ಕೇಳಿಲ್ಲ, ಆದರೆ ಪತ್ರದ ತುಂಬಾ ಅದೇ ಚಿಂತೆ ಇದೆ. ಎರಡಕ್ಕೂ ಬರುತ್ತೇನೆ. ಅದಕ್ಕೂ ಮುಂಚೆ, ಕೊನೆಯಲ್ಲಿ "ಇನ್ನೊಂದು ವಿಷಯ" ಅಂತ ಸೇರಿಸಿದ್ದೀರಲ್ಲ, ಅಲ್ಲಿಂದ ಶುರು ಮಾಡೋಣ. ನನ್ನ ಲೆಕ್ಕದಲ್ಲಿ ಪತ್ರದ ಮುಖ್ಯ ಸಾಲು ಅದೇ.

ಮನೆ ನೆನಪಾಗಿ ಅಳುವ ಮಕ್ಕಳು ಸಾಮಾನ್ಯವಾಗಿ ಸಂಜೆಯ ಮೇಲೆ ಅಳುತ್ತಾರೆ. ಆಟ ಮುಗಿದು, ಕತ್ತಲಾಗಿ, ಊಟದ ತಟ್ಟೆ ಮುಂದೆ ಬಂದಾಗ. ಅಥವಾ ದೀಪ ಆರಿಸಿ ಮಲಗಿದಾಗ. ಬೆಳಗಾದರೆ ಹಲ್ಲುಜ್ಜುವುದು, ಸಾಲಿನಲ್ಲಿ ನಿಲ್ಲುವುದು, ತಿಂಡಿ, ಇದರ ಗಡಿಬಿಡಿಯಲ್ಲಿ ಬಹಳ ಮಕ್ಕಳಿಗೆ ಅಳು ಮರೆತೇ ಹೋಗುತ್ತದೆ. ನಿಮ್ಮ ಮಗ ಎರಡು ರಾತ್ರಿ ಸುಮ್ಮನಿದ್ದು, ಮೂರನೇ ದಿನ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿಸಿದ. ಏನಾಯ್ತು ಅಂದರೆ ಬಾಯಿ ಬಿಡಲಿಲ್ಲ. ಆ ರಾತ್ರಿ ಹಾಸಿಗೆ ಒದ್ದೆಯಾಗಿತ್ತು ಅಂತ ನನಗೆ ಬಲವಾದ ಅನುಮಾನ. ಒಂದೇ ಹಾಲಿನಲ್ಲಿ ಇಪ್ಪತ್ತು ಮೂವತ್ತು ಹುಡುಗರು ಸಾಲಾಗಿ ಮಲಗಿರುವ ಜಾಗ. ಎಲ್ಲರೂ ಏಳುವ ಹೊತ್ತು. ಅಲ್ಲಿ ಒಂಬತ್ತು ವರ್ಷದ ಹುಡುಗನಿಗೆ ಏನನ್ನಿಸಿರಬಹುದು, ಯೋಚಿಸಿ. ನನ್ನ ಊಹೆ ತಪ್ಪೂ ಇರಬಹುದು, ಅವನನ್ನೇ ಕೇಳಬೇಕು. ಆದರೆ ಇದನ್ನು ತಿಳಿದುಕೊಳ್ಳದೆ "ಅಮ್ಮನನ್ನು ಬಿಟ್ಟಿರಲಾರ" ಅನ್ನುವ ತೀರ್ಮಾನಕ್ಕೆ ಬಂದರೆ ಅವನಿಗೆ ಅನ್ಯಾಯವಾಗುತ್ತದೆ.

ಕೇಳುವಾಗ ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಬಟ್ಟೆ ಮಡಿಸುವಾಗ, ಸ್ಕೂಟರಿನಲ್ಲಿ ಹಿಂದೆ ಕೂತಿರುವಾಗ ಮಕ್ಕಳು ಜಾಸ್ತಿ ಹೇಳುತ್ತಾರೆ, ಮುಖ ನೋಡಬೇಕಾದ ಕಷ್ಟ ಇರುವುದಿಲ್ಲ. "ಶಿಬಿರದಲ್ಲಿ ಕೆಲವು ಮಕ್ಕಳಿಗೆ ರಾತ್ರಿ ಟಾಯ್ಲೆಟ್‌ಗೆ ಹೋಗೋಕೆ ಭಯ ಆಗುತ್ತಂತೆ, ಕೆಲವರಿಗೆ ಹಾಸಿಗೆ ಒದ್ದೆ ಆಗುತ್ತಂತೆ, ನಿನಗೆ ಯಾವುದು ಕಷ್ಟ ಆಯ್ತು?" ಅಂತ ಕೇಳಿ ನೋಡಿ. ನನ್ನ ಕ್ಲಿನಿಕ್ಕಿಗೆ ಬಂದಿದ್ದ ಒಬ್ಬಳು ಹುಡುಗಿ, ಶಿಬಿರದಿಂದ ಹೊಟ್ಟೆನೋವು ಅಂತ ವಾಪಸ್ ಬಂದಿದ್ದಳು. ಮನೆಯವರು ಊಟ ಸರಿಯಿಲ್ಲ ಅಂದುಕೊಂಡಿದ್ದರು. ಅಸಲಿಗೆ ಅಲ್ಲಿಯ ಟಾಯ್ಲೆಟ್ ಬಾಗಿಲಿಗೆ ಚಿಲಕ ಇರಲಿಲ್ಲ. ಅವಳು ಹಗಲೆಲ್ಲ ನೀರು ಕುಡಿಯದೆ, ಎರಡಕ್ಕೆ ಹೋಗದೆ ತಡೆದುಕೊಂಡಿದ್ದಳು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ದೊಡ್ಡವರು ಮನಸ್ಸಿನ ಸಮಸ್ಯೆ ಅಂತ ಹೆಸರಿಡುವ ಎಷ್ಟೋ ವಿಷಯಗಳ ಹಿಂದೆ ಇಂಥ ಒಂದು ಚಿಲಕ ಇರುತ್ತದೆ.

ಹಾಸಿಗೆ ಒದ್ದೆಯಾಗುವುದರ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ತಪ್ಪು ತಿಳುವಳಿಕೆ ಇದೆ. ಸೋಮಾರಿತನ, ಹಟ, ಮುದ್ದು ಜಾಸ್ತಿಯಾಗಿದೆ ಅನ್ನುತ್ತಾರೆ. ಯಾವುದೂ ನಿಜವಲ್ಲ. ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಇದು ಇರುತ್ತದೆ, ಹತ್ತು ವರ್ಷದ ಹೊತ್ತಿಗೂ ನೂರಕ್ಕೆ ಸುಮಾರು ಐದು ಮಂದಿಗೆ ಉಳಿದಿರುತ್ತದೆ. ಹುಡುಗರಲ್ಲಿ ಜಾಸ್ತಿ. ಅಂದರೆ ಶಿಬಿರದ ಆ ಹಾಲಿನಲ್ಲಿ ಇದೇ ಭಯದಿಂದ ಮಲಗಿದ್ದ ಇನ್ನೊಬ್ಬ ಹುಡುಗ ಇದ್ದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ರಾತ್ರಿ ಹೊತ್ತು ಮೂತ್ರ ಕಡಿಮೆ ತಯಾರಾಗುವಂತೆ ನೋಡಿಕೊಳ್ಳುವ ಹಾರ್ಮೋನು ಕೆಲವು ಮಕ್ಕಳಲ್ಲಿ ತಡವಾಗಿ ಹದಕ್ಕೆ ಬರುತ್ತದೆ. ಮೂತ್ರಕೋಶ ತುಂಬಿದ ಸುದ್ದಿ ನಿದ್ದೆಯಲ್ಲಿರುವ ಮೆದುಳಿಗೆ ಮುಟ್ಟುವುದಿಲ್ಲ. ಇದು ವಂಶದಲ್ಲೂ ಬರುತ್ತದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಚಿಕ್ಕಂದಿನಲ್ಲಿ ಇದ್ದಿದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ ನಲವತ್ತರ ಮೇಲೆ. ನಿಮ್ಮ ಅತ್ತೆಯನ್ನೋ ನಿಮ್ಮ ತಾಯಿಯನ್ನೋ ಒಮ್ಮೆ ಮೆಲ್ಲಗೆ ಕೇಳಿ. "ನಿಮ್ಮಪ್ಪನೂ ಚಿಕ್ಕವನಿದ್ದಾಗ ಹೀಗೇ ಇದ್ದ" ಅನ್ನುವ ಒಂದು ಮಾತು ಮಗುವಿಗೆ ಕೊಡುವ ಸಮಾಧಾನವನ್ನು ನಾನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ. ಮಲಬದ್ಧತೆ ಇದ್ದರೂ ಇದು ಹೆಚ್ಚಾಗುತ್ತದೆ, ಅದನ್ನು ಬಹಳ ಮನೆಗಳಲ್ಲಿ ಗಮನಿಸುವುದೇ ಇಲ್ಲ.

ನಿಮ್ಮ ಮಗನಿಗೆ ಚಿಕ್ಕಂದಿನಿಂದ ಇದೆ ಅಂದಿದ್ದೀರಿ. ಹಾಗಿದ್ದರೆ ಗಾಬರಿ ಬೇಡ. ಆರು ತಿಂಗಳೋ ವರ್ಷವೋ ನಿಂತು ಮತ್ತೆ ಶುರುವಾಗಿದ್ದರೆ, ಉರಿಮೂತ್ರ ಇದ್ದರೆ, ವಿಪರೀತ ಬಾಯಾರಿಕೆ ಇದ್ದು ತೂಕ ಇಳಿಯುತ್ತಿದ್ದರೆ ಮಾತ್ರ ತಡ ಮಾಡದೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಸೋಂಕು, ಸಕ್ಕರೆ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು.

ಮನೆಯಿಂದ ದೂರ ಮಲಗುವ ದಿನಗಳಿಗೆ ಡೆಸ್ಮೊಪ್ರೆಸಿನ್ ಅನ್ನುವ ಮಾತ್ರೆ ಇದೆ. ಅನೇಕ ಮಕ್ಕಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇದರ ಅಪಾಯವನ್ನೂ ತಿಳಿದಿರಬೇಕು. ಮಾತ್ರೆ ತೆಗೆದುಕೊಳ್ಳುವ ಒಂದು ಗಂಟೆ ಮುಂಚಿನಿಂದ, ತೆಗೆದುಕೊಂಡು ಎಂಟು ಗಂಟೆ ಕಳೆಯುವ ತನಕ ನೀರು, ಜ್ಯೂಸು ಬಹಳ ಕಡಿಮೆ ಕುಡಿಯಬೇಕು. ಇಲ್ಲದಿದ್ದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರುವ ಸಾಧ್ಯತೆ ಇದೆ. ಶಿಬಿರದಲ್ಲಿ ರಾತ್ರಿ ಬೆಂಕಿ ಸುತ್ತ ಕುಣಿದು, ಬಾಯಾರಿ, ಎರಡು ಲೋಟ ಪಾನಕ ಕುಡಿಯುವುದು ಸಹಜ ಅಲ್ವಾ? ಹಾಗಾಗಿ ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡಬೇಡಿ. ಡಾಕ್ಟರು ನೋಡಿ ಬರೆದುಕೊಡಬೇಕು, ಶಿಬಿರಕ್ಕೆ ಕೆಲವು ವಾರ ಮುಂಚೆಯೇ ಮನೆಯಲ್ಲಿ ಕೊಟ್ಟು ನೋಡಿರಬೇಕು, ಅಲ್ಲಿ ಒಬ್ಬ ದೊಡ್ಡವರು ಅದರ ಹೊಣೆ ಹೊರಬೇಕು. ವಾಂತಿ, ಭೇದಿ, ಜ್ವರ ಬಂದ ದಿನ ಮಾತ್ರೆ ನಿಲ್ಲಿಸಬೇಕು.

ಮಾತ್ರೆ ಬೇಡ ಅಂದರೂ ದಾರಿಗಳಿವೆ. ಕಡು ಬಣ್ಣದ ಚಡ್ಡಿ, ಒಳಗೆ ರಬ್ಬರ್ ಶೀಟ್ ಹಾಸಿದ ಅವನದೇ ಸ್ಲೀಪಿಂಗ್ ಬ್ಯಾಗು, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಎರಡು ಜೊತೆ ಬಟ್ಟೆ, ದಿಂಬಿನ ಕೆಳಗೆ ಸಣ್ಣ ಟಾರ್ಚು. ದೊಡ್ಡ ಮಕ್ಕಳಿಗೆ ಆಗುವ ಹೀರುವ ಒಳಚಡ್ಡಿಗಳೂ ಸಿಗುತ್ತವೆ, ಸ್ಲೀಪಿಂಗ್ ಬ್ಯಾಗಿನೊಳಗೇ ಹಾಕಿಕೊಂಡು ತೆಗೆಯಬಹುದು. ಸಂಜೆ ಟೀ, ಕಾಫಿ, ಕೋಲಾ ಬೇಡ. ಹಗಲು ಮಾತ್ರ ನೀರಿಗೆ ಕಡಿವಾಣ ಹಾಕಬೇಡಿ, ಏಪ್ರಿಲ್ ಬಿಸಿಲಿನಲ್ಲಿ ಅದು ಇನ್ನೊಂದು ತೊಂದರೆ ತರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಶಿಬಿರದ ಒಬ್ಬರಿಗೆ, ಒಬ್ಬರಿಗೆ ಸಾಕು, ಮೊದಲೇ ಹೇಳಿ. ಯಾರಿಗೆ ಹೇಳಬೇಕು ಅನ್ನುವುದನ್ನು ಮಗನನ್ನೂ ಕೇಳಿ ನಿರ್ಧರಿಸಿ. ಅವರು ಹನ್ನೊಂದಕ್ಕೆ ಸದ್ದಿಲ್ಲದೆ ಎಬ್ಬಿಸಿ ಟಾಯ್ಲೆಟ್‌ಗೆ ಕಳಿಸಬಹುದು. ಬೆಳಿಗ್ಗೆ ಎಲ್ಲರಿಗಿಂತ ಹತ್ತು ನಿಮಿಷ ಮುಂಚೆ ಎಬ್ಬಿಸಬಹುದು. ಈ ವಿಷಯ ಹೇಳಿದಾಗ ಅವರು ನಕ್ಕರೆ, ಅಥವಾ "ಇಲ್ಲಿ ಬಂದ್ರೆ ಎಲ್ಲ ಸರಿ ಹೋಗುತ್ತೆ ಬಿಡಿ ಮೇಡಂ" ಅಂತ ಮಾತು ಹಾರಿಸಿದರೆ, ಆ ಶಿಬಿರ ಬೇಡ.

ಇನ್ನು ಮನೆ ನೆನಪಿನ ವಿಷಯ. ನನ್ನ ಊಹೆ ಸರಿಯಿದ್ದರೂ ಅದು ಅವನಿಗೆ ಸ್ವಲ್ಪವಾದರೂ ಇದ್ದೇ ಇರುತ್ತದೆ. ಮೊದಲ ಸಲ ಮನೆ ಬಿಟ್ಟು ಮಲಗುವ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇರುತ್ತದೆ. ಕೆಲವರು ತೋರಿಸುತ್ತಾರೆ, ಕೆಲವರು ತೋರಿಸುವುದಿಲ್ಲ. ಮೊದಲ ಎರಡು ಮೂರು ದಿನ ಜೋರಾಗಿದ್ದು ಆಮೇಲೆ ತಗ್ಗುವುದು ಸಾಮಾನ್ಯ. ಊಟ, ನಿದ್ದೆ ಕೆಡುವಷ್ಟು ತೀವ್ರವಾಗುವುದು ಕೆಲವೇ ಮಕ್ಕಳಿಗೆ. ಹಾಗಾಗಿ ಒಂದೆರಡು ಸಲ ಅತ್ತರೆ ಮನಸ್ಸಿಗೆ ಶಾಶ್ವತವಾಗಿ ಪೆಟ್ಟು ಬೀಳುತ್ತದೆ ಅನ್ನುವ ಭಯ ಬೇಡ. ಬಿಟ್ಟು ಬಂದರೆ ತಾನಾಗೇ ಗಟ್ಟಿಯಾಗುತ್ತಾನೆ ಅನ್ನುವುದೂ ನಿಜವಲ್ಲ. ಹೋಗುವ ವಿಷಯದಲ್ಲಿ ತನ್ನ ಮಾತು ನಡೆಯಲೇ ಇಲ್ಲ ಅನ್ನಿಸಿದ ಮಗುವಿಗೆ ಅಲ್ಲಿ ಕಷ್ಟ ಜಾಸ್ತಿ. ನಿಮ್ಮ ಯಜಮಾನರಿಗೆ ಇದನ್ನು ತೋರಿಸಿ. ಮಗ ಧೈರ್ಯವಂತನಾಗಲಿ ಅನ್ನುವ ಅವರ ಆಸೆ ಒಳ್ಳೆಯದೇ. ಅದಕ್ಕೆ ಹತ್ತು ದಿನದ ಹಟ ಬೇಕಿಲ್ಲ. ಎಲ್ಲಿಗೆ, ಎಷ್ಟು ದಿನ, ಯಾರ ಜೊತೆ ಅನ್ನುವುದನ್ನು ಮಗನ ಜೊತೆ ಕೂತು ಆರಿಸಿದರೆ ಅರ್ಧ ಕೆಲಸ ಆದಂತೆ.

"ಬೇಜಾರಾದ್ರೆ ಕರ್ಕೊಂಡು ಬರ್ತೀವಿ" ಅನ್ನುವ ಮಾತು ಬಹಳ ಅಮ್ಮಂದಿರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಒಪ್ಪಂದ ಮಾಡಿಕೊಳ್ಳಬೇಡಿ ಅಂತಲೇ ಮಕ್ಕಳ ತಜ್ಞರ ಸಲಹೆ ಇದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2007ರಲ್ಲಿ ಶಿಬಿರ, ಹಾಸ್ಟೆಲಿಗೆ ಹೋಗುವ ಮಕ್ಕಳ ಬಗ್ಗೆ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಇದನ್ನು ಹೇಳಿತ್ತು. ನೀನು ಅಲ್ಲಿ ಇರಲಾರೆ ಅಂತ ಅಮ್ಮನಿಗೇ ಅನುಮಾನ ಇದೆ ಅಂತ ಮಗು ಅರ್ಥ ಮಾಡಿಕೊಳ್ಳುತ್ತದೆ. ಬೇಜಾರಾದ ಕೂಡಲೇ, ಇದನ್ನು ಹೇಗೆ ದಾಟಲಿ ಅನ್ನುವುದರ ಬದಲು ಫೋನ್ ಯಾರ ಹತ್ತಿರ ಇದೆ ಅಂತ ಹುಡುಕುತ್ತದೆ. ಈ ಸಲ ಹೀಗೆ ಹೇಳಿ: "ಮನೆ ನೆನಪಾಗುತ್ತೆ, ಎಲ್ಲರಿಗೂ ಆಗುತ್ತೆ. ಆದಾಗ ಆ ಅಕ್ಕನ ಹತ್ರ ಹೋಗಿ ಹೇಳು, ನನಗೊಂದು ಕಾಗದ ಬರಿ, ಗೆಳೆಯನ ಜೊತೆ ಆಟ ಆಡು. ನಿನಗೆ ಯಾರಾದರೂ ನೋವು ಮಾಡಿದರೆ, ಮೈ ಹುಷಾರಿಲ್ಲದಿದ್ದರೆ ಮಾತ್ರ ನಾವು ತಕ್ಷಣ ಬರ್ತೀವಿ." ಕೊನೆಯ ಮಾತು ಬಿಡಬೇಡಿ. ಅದು ಬೇಜಾರಿನ ಒಪ್ಪಂದ ಅಲ್ಲ, ರಕ್ಷಣೆಯ ಮಾತು.

ಈ ಬೇಸಿಗೆಗೆ ಏನು ಮಾಡಬಹುದು? ಹತ್ತು ದಿನದ ಶಿಬಿರಕ್ಕೆ ನನ್ನ ಒಪ್ಪಿಗೆ ಇಲ್ಲ. ಕಳೆದ ಸಲದ ಕಾರಣವೇ ತಿಳಿಯದೆ ದಿನ ಹೆಚ್ಚಿಸಿದರೆ, ಮತ್ತೆ ಅರ್ಧಕ್ಕೆ ವಾಪಸ್ ಬರುವ ಸಾಧ್ಯತೆ ಇದೆ. ಎರಡನೇ ಸಲ ಹಾಗಾದರೆ "ನನ್ನ ಕೈಲಿ ಆಗಲ್ಲ" ಅಂತ ಅವನೇ ನಂಬಿಬಿಡುತ್ತಾನೆ. ನನಗೆ ಆ ಭಯವೇ ದೊಡ್ಡದು.

ಅಜ್ಜಿ ಮನೆ ಸಾಕಾ ಅಂತ ಕೇಳಿದ್ದೀರಿ. ಧಾರಾಳವಾಗಿ ಸಾಕು. ನೀವಿಬ್ಬರೂ ಇಲ್ಲದೆ ಮೂರು ನಾಲ್ಕು ರಾತ್ರಿ ಅಲ್ಲಿದ್ದರೆ ಅದೇ ಒಳ್ಳೆಯ ತಯಾರಿ. ಶಿಬಿರಕ್ಕೆ ಹೋಗದ ಮಗು ಹಿಂದೆ ಬೀಳುತ್ತದೆ ಅನ್ನುವುದು ಜಾಹೀರಾತಿನ ಮಾತು. ಆದರೆ ಅಜ್ಜಿ ಮನೆ ಅಂದಮಾತ್ರಕ್ಕೆ ಅಪಾಯ ಇಲ್ಲ ಅಂದುಕೊಳ್ಳಬೇಡಿ. ನಿಮ್ಮ ಕಡೆ ಭದ್ರಾ ನಾಲೆ ಇದೆ, ಹೊಲಗಳಲ್ಲಿ ಕೃಷಿ ಹೊಂಡಗಳಿವೆ. ರಜೆಯಲ್ಲಿ ನೀರಿಗಿಳಿದು ಮಕ್ಕಳು ಹೋದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಕೃಷಿ ಹೊಂಡದ ಪ್ಲಾಸ್ಟಿಕ್ ಹಾಸು ಜಾರುತ್ತದೆ, ಈಜು ಬರುವವರಿಗೂ ಮೇಲೆ ಹತ್ತುವುದು ಕಷ್ಟ. ನೀರಿನ ಹತ್ತಿರ ದೊಡ್ಡವರಿಲ್ಲದೆ ಹೋಗುವಂತಿಲ್ಲ ಅಂತ ಕಟ್ಟುನಿಟ್ಟು ಮಾಡಿ, ಅಜ್ಜಿಗೂ ಹೇಳಿ.

ಹಗಲಿನ ಶಿಬಿರ ಇನ್ನೊಂದು ದಾರಿ. ಮೈಸೂರಿನ ರಂಗಾಯಣ ಪ್ರತಿ ಬೇಸಿಗೆಯಲ್ಲಿ ನಡೆಸುವ ಚಿಣ್ಣರ ಮೇಳದಂಥವು ಈ ಬಗೆಯವು. ಮಕ್ಕಳು ಹಗಲು ಹಾಡಿ, ಕುಣಿದು, ನಾಟಕ ಕಲಿತು ರಾತ್ರಿ ಮನೆಗೆ ಬರುತ್ತಾರೆ. ನಿಮ್ಮ ಊರಲ್ಲೂ ಬಾಲಭವನ, ರಂಗತಂಡಗಳು, ಈಜುಕೊಳ ಇಂಥಲ್ಲಿ ವಿಚಾರಿಸಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳೂ ಈಚೆಗೆ ಬೇಸಿಗೆ ಶಿಬಿರ ನಡೆಸುತ್ತಿವೆ, ಅಜ್ಜಿಯ ಊರಲ್ಲಿ ಇದೆಯಾ ನೋಡಿ. ಹಗಲಿನ ಶಿಬಿರದ ಕೊರತೆ ಒಂದೇ, ರಾತ್ರಿಯ ಭಯ ಹಾಗೇ ಉಳಿಯುತ್ತದೆ. ಅದಕ್ಕೇ ಅಜ್ಜಿ ಮನೆಯ ರಾತ್ರಿಗಳು ಜೊತೆಗಿರಲಿ.

ಅವನಾಗೇ ಹೋಗುತ್ತೇನೆ ಅಂದರೆ, ಐದು ದಿನದ ವಸತಿ ಶಿಬಿರ, ಗೊತ್ತಿರುವ ಒಬ್ಬ ಗೆಳೆಯನೋ ಅತ್ತೆ ಮಾವನ ಮಗನೋ ಜೊತೆಗೆ. ಎರಡು ದಿನದ್ದಕ್ಕಿಂತ ಇದೇ ಮೇಲು. ಎರಡು ದಿನದ್ದಾದರೆ ಅಳು ಜೋರಾಗಿರುವಾಗಲೇ ಶಿಬಿರ ಮುಗಿದು ಹೋಗುತ್ತದೆ, ಅದು ತಗ್ಗುವುದನ್ನು ಮಗು ನೋಡುವುದೇ ಇಲ್ಲ. ಆದರೆ ಅಜ್ಜಿ ಮನೆಯಲ್ಲಿ ಮೂರು ರಾತ್ರಿ ಕಳೆದ ಮೇಲೇ ಇದನ್ನು ನಿರ್ಧರಿಸಿ. ಅಲ್ಲೂ ನಿದ್ದೆ ಬಾರದೆ ಒದ್ದಾಡಿದರೆ ಮುಂದಿನ ವರ್ಷ ನೋಡಿದರಾಯಿತು.

ಶಿಬಿರ ಆರಿಸುವಾಗ ಚೆಂದದ ಕರಪತ್ರ ನೋಡಿ ಮರುಳಾಗಬೇಡಿ. ಮೊದಲೇ ಹೋಗಿ ಮಕ್ಕಳು ಮಲಗುವ ಜಾಗ ನೋಡಿ. ಟಾಯ್ಲೆಟ್ ಎಷ್ಟು ದೂರ, ರಾತ್ರಿ ದೀಪ ಇರುತ್ತದೆಯೇ, ಬಾಗಿಲಿಗೆ ಚಿಲಕ ಇದೆಯೇ ನೋಡಿ. ರಾತ್ರಿ ಮಕ್ಕಳ ಹತ್ತಿರ ಯಾವ ದೊಡ್ಡವರು ಇರುತ್ತಾರೆ, ಒಬ್ಬರೇ ಇರುತ್ತಾರಾ ಇಬ್ಬರಾ ಅಂತ ಕೇಳಿ. ಒಬ್ಬ ದೊಡ್ಡವರು ಒಂದು ಮಗುವನ್ನು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಭೇಟಿ ಮಾಡುವಂತಿಲ್ಲ ಅನ್ನುವ ನಿಯಮ ಅಲ್ಲಿದೆಯಾ? ಹೊಳೆಗೆ, ಟ್ರೆಕ್ಕಿಂಗಿಗೆ ಕರೆದುಕೊಂಡು ಹೋಗುವುದಾದರೆ ಜೊತೆಗೆ ಎಷ್ಟು ಜನ? ಮಲೆನಾಡಿನಲ್ಲಾದರೆ ಹಾವು ಕಚ್ಚಿದರೆ ಯಾವ ಆಸ್ಪತ್ರೆಗೆ, ಎಷ್ಟು ಹೊತ್ತಿನ ದಾರಿ? ಇಂಥ ಪ್ರಶ್ನೆಗೆ ಸಿಡುಕುವವರ ಹತ್ತಿರ ಮಗುವನ್ನು ಬಿಡಬೇಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಸಂಸ್ಥೆಯ ಹೆಸರು ಉಳಿಸಲು ಮುಚ್ಚಿಡುವಂತಿಲ್ಲ. ಯಾರಾದರೂ ಮೈ ಮುಟ್ಟಿ "ಯಾರಿಗೂ ಹೇಳಬೇಡ" ಅಂದರೆ ಕೂಡಲೇ ಹೇಳಬೇಕು ಅಂತ ಮಗನಿಗೂ ಕಲಿಸಿ. ಹುಡುಗರಿಗೆ ಇದನ್ನು ಹೇಳುವುದೇ ಇಲ್ಲ ನಾವು. ಮಕ್ಕಳ ಸಹಾಯವಾಣಿ 1098 ಅವನಿಗೆ ಬಾಯಿಪಾಠ ಇರಲಿ.

ಮತ್ತೆ ಫೋನ್ ಬಂದರೆ? ಮೊದಲು ಅಳಲು ಬಿಡಿ. "ಬೇಜಾರಾಗಿದೆ ಅಲ್ವಾ" ಅನ್ನಿ. ಆಮೇಲೆ ಇವತ್ತು ತಿಂಡಿ ಏನು, ಪಕ್ಕದಲ್ಲಿ ಯಾರು ಮಲಗಿದ್ದರು, ರಾತ್ರಿ ಏನಾಯಿತು ಅಂತ ಕೇಳಿ. ಅವನು ಫೋನ್ ಇಟ್ಟ ಮೇಲೆ ಶಿಬಿರದವರ ಜೊತೆ ನೀವು ಬೇರೆಯಾಗಿ ಮಾತಾಡಿ. ಇವತ್ತೊಂದು ದಿನ ನೋಡೋಣ, ನಾಳೆ ಸಂಜೆ ಮಾತಾಡೋಣ ಅಂತ ಒಪ್ಪಿಸಿ, ಹೇಳಿದ ಹೊತ್ತಿಗೆ ಮಾತಾಡಲೇಬೇಕು. ಒಂದು ದಿನ ಪೂರ್ತಿ ಊಟ ಬಿಟ್ಟಿದ್ದರೆ, ನಿದ್ದೆಯೇ ಮಾಡದಿದ್ದರೆ, ಜ್ವರ ವಾಂತಿ ಇದ್ದರೆ, ಯಾರೋ ಒಬ್ಬರ ಹೆಸರೆತ್ತಿದರೆ ದನಿ ಬದಲಾದರೆ, ಅಥವಾ ಮಾತಾಡಲೇ ಭಯಪಟ್ಟರೆ, ಯಾವ ಚೌಕಾಸಿಯೂ ಇಲ್ಲದೆ ಹೊರಡಿ.

ಕಳೆದ ವರ್ಷ ನೀವು ಹೋಗಿ ಕರೆದುಕೊಂಡು ಬಂದದ್ದು ತಪ್ಪಲ್ಲ. ಕಾರಣ ಹೇಳದೆ ಅಷ್ಟು ಅಳುತ್ತಿದ್ದ ಮಗುವಿನ ಹತ್ತಿರ ಹೋಗಲೇಬೇಕಿತ್ತು. ಈಗ ಮನೆಯಲ್ಲಿ ನಡೆಯುತ್ತಿರುವ ಛೇಡಿಸುವ ಮಾತು ಮಾತ್ರ ಇವತ್ತಿಗೇ ನಿಲ್ಲಬೇಕು. ಬಂದವರ ಮುಂದೆ ನಿಮ್ಮ ಯಜಮಾನರೇ "ನಮ್ಮ ಹುಡುಗ ಗೊತ್ತಿಲ್ಲದ ಊರಲ್ಲಿ ಎರಡು ರಾತ್ರಿ ಒಬ್ಬನೇ ಇದ್ದ" ಅಂತ ಹೇಳಲಿ. ಅದು ಸುಳ್ಳಲ್ಲವಲ್ಲ.

ಶಾಲೆಗೆ ಹೋಗುವಾಗಲೂ ದಿನಾ ಹೊಟ್ಟೆನೋವು, ನೀವು ಬೇರೆ ಕೋಣೆಗೆ ಹೋದರೂ ಗಾಬರಿ, ನಿಮಗೆ ಏನೋ ಆಗಿಬಿಡುತ್ತದೆ ಅನ್ನುವ ಭಯ ಒಂದು ತಿಂಗಳಿಗಿಂತ ಜಾಸ್ತಿ ಇದ್ದರೆ ಶಿಬಿರದ ಮಾತು ಬದಿಗಿಟ್ಟು ಮಕ್ಕಳ ಮನಸ್ಸಿನ ತಜ್ಞರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.

ಮೊದಲು ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ ಒಂದು ಮೂತ್ರ ಪರೀಕ್ಷೆ ಮಾಡಿಸಿ, ಮಲಬದ್ಧತೆ ಇದೆಯಾ ಅಂತಲೂ ನೋಡಲಿ. ಅಜ್ಜಿ ಮನೆಯ ರಾತ್ರಿಗಳು ಮುಗಿಯುವ ತನಕ ಯಾವ ಶಿಬಿರಕ್ಕೂ ಪೂರ್ತಿ ಹಣ ಕಟ್ಟಬೇಡಿ. ಅಡ್ವಾನ್ಸ್ ಕೊಡುವಾಗ, ಮಗು ಬರದಿದ್ದರೆ ಎಷ್ಟು ವಾಪಸ್ ಕೊಡುತ್ತೀರಿ ಅಂತ ಬರೆಸಿಕೊಳ್ಳಿ. ಹಣ ಹೋಗುತ್ತದೆ ಅನ್ನುವ ಒಂದೇ ಕಾರಣಕ್ಕೆ ಅವನನ್ನು ಬಸ್ ಹತ್ತಿಸುವ ಪರಿಸ್ಥಿತಿ ನಿಮಗೆ ಬರಬಾರದು.